ಬೈಪೋಲಾರ್ ಇರುವ ತಮ್ಮ ಈಗ ಚೆನ್ನಾಗಿದ್ದಾನೆ, ಲಿಥಿಯಂ ನಿಲ್ಲಿಸಬಹುದೇ?

ನೀವು ಕೇಳಿರುವುದು ಮೂರು ಸಂಗತಿ. ತಮ್ಮನಿಗೆ ಬೈಪೋಲಾರ್, ಅಂದರೆ ಉನ್ಮಾದವೂ (ಮಿತಿಮೀರಿದ ಉತ್ಸಾಹ) ಖಿನ್ನತೆಯೂ ಬಂದುಹೋಗುವ ಈ ಕಾಯಿಲೆ ಯಾಕೆ ಬಂತು, ಮನೆಯ ಜಗಳಗಳೇ ಅದಕ್ಕೆ ಕಾರಣವೇ, ಎಂಟು ತಿಂಗಳಿಂದ ಚೆನ್ನಾಗಿರುವವರು ಮನಸ್ಥಿತಿಯನ್ನು ಸ್ಥಿರವಾಗಿಡುವ ಲಿಥಿಯಂ ಮಾತ್ರೆ ಬಿಡಬಹುದೇ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ತುರ್ತಿನದು. ನೀವಾಗಿಯೇ ನಿಲ್ಲಿಸಬೇಡಿ, ಒಮ್ಮೆಲೇ ಅಂತೂ ಖಂಡಿತ ಬೇಡ. ಲಿಥಿಯಂ ಥಟ್ಟನೆ ಬಿಟ್ಟವರಲ್ಲಿ ಮುಂದಿನ ಕೆಲವು ತಿಂಗಳಲ್ಲೇ ಉನ್ಮಾದ ಮರಳುವ ಸಂಭವ ಹೆಚ್ಚು, ಆತ್ಮಹತ್ಯೆಯ ಅಪಾಯವೂ ಏರುತ್ತದೆ. ಬಿಡಲೇಬೇಕಾದ ಕಾರಣವಿದ್ದರೆ ವೈದ್ಯರು ಕನಿಷ್ಠ 4 ವಾರ, ಸಾಧ್ಯವಾದರೆ 3 ತಿಂಗಳು ತೆಗೆದುಕೊಂಡು ಡೋಸ್ ಇಳಿಸುತ್ತಾರೆ. ಈ ಕಾಯಿಲೆಯ ಚಿಕಿತ್ಸೆಯಲ್ಲಿ ಹೆಚ್ಚಿನ ಕೆಲಸ ನಡೆಯುವುದೇ ರೋಗಿ ಚೆನ್ನಾಗಿರುವ ತಿಂಗಳುಗಳಲ್ಲಿ.

ಇನ್ನು ಕಾರಣ. ಬೈಪೋಲಾರ್‌ಗೆ ವಂಶವಾಹಿಯ ಪಾಲು ದೊಡ್ಡದು. ಸಾಮಾನ್ಯ ಜನರಲ್ಲಿ ಇದು ಸುಮಾರು ನೂರಕ್ಕೆ ಒಬ್ಬಿಬ್ಬರಿಗೆ ಬರುತ್ತದೆ. ತಂದೆ, ತಾಯಿ ಅಥವಾ ಒಡಹುಟ್ಟಿದವರಲ್ಲಿ ಒಬ್ಬರಿಗೆ ಇದ್ದರೆ ಆ ಸಂಭವ ನೂರಕ್ಕೆ 5ರಿಂದ 10. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವ ಸಂಭವ ನೂರಕ್ಕೆ ಸುಮಾರು 40ರಿಂದ 70. ಆ ಕೊನೆಯ ಅಂಕಿ ನೂರಕ್ಕೆ ನೂರಲ್ಲ ಎಂಬುದನ್ನು ಗಮನಿಸಿ. ಇಬ್ಬರಲ್ಲೂ ಅವೇ ವಂಶವಾಹಿಗಳಿದ್ದರೂ ಕಾಯಿಲೆ ಬರಲೇಬೇಕೆಂದಿಲ್ಲ. ಇದಕ್ಕೆ ಕಾರಣವಾದ ಒಂದೇ ಒಂದು ಜೀನ್ ಕೂಡ ಇಲ್ಲ. ಸಣ್ಣ ಪರಿಣಾಮದ ನೂರಾರು ಜೀನ್‌ಗಳು ಸೇರಿ ಒಲವನ್ನು ಮಾತ್ರ ಕೊಡುತ್ತವೆ. ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿ ಬೈಪೋಲಾರ್ ಹೌದೋ ಅಲ್ಲವೋ ಎಂದು ಹೇಳಲು ಆಗುವುದಿಲ್ಲ. ಆರಂಭದಲ್ಲಿ ರಕ್ತ ಪರೀಕ್ಷೆ ಬರೆಯುವುದು ಥೈರಾಯ್ಡ್‌ನಂಥ ಬೇರೆ ಕಾರಣಗಳನ್ನು ತಳ್ಳಿಹಾಕಲು.

ಆ ಒಲವಿನ ಮೇಲೆ ಕಿಡಿ ಬೀಳುವುದು ಹೆಚ್ಚಾಗಿ ನಿದ್ದೆಗೆಟ್ಟಾಗ. ರಾತ್ರಿ ಪಾಳಿ, ಪರೀಕ್ಷೆಯ ಓದು, ಬೇರೆ ಕಾಲವಲಯಕ್ಕೆ ವಿಮಾನ ಪ್ರಯಾಣ, ಹೆರಿಗೆ, ಸ್ಟಿರಾಯ್ಡ್ ಔಷಧ, ಗಾಂಜಾ, ಉತ್ತೇಜಕ ಮಾದಕಗಳು ಇವೆಲ್ಲ ಪ್ರಚೋದಕಗಳೇ. ಮನೆಯ ಜಗಳ ಈ ಕಾಯಿಲೆಯನ್ನು ಹುಟ್ಟಿಸುವುದಿಲ್ಲ. ನಿಮ್ಮ ತಂದೆ ತಾಯಿ ಆ ಅಪರಾಧಭಾವ ಹೊರಬೇಕಾಗಿಲ್ಲ. ಆದರೆ ಕಾಯಿಲೆ ಬಂದಮೇಲೆ ಸದಾ ಚುಚ್ಚುಮಾತು, ಹಂಗಿಸುವಿಕೆ ಇರುವ ಮನೆಯಲ್ಲಿ ಅದು ಮರುಕಳಿಸುವುದು ಹೆಚ್ಚು. ಹಾಗಾಗಿ ಮನೆಯ ವಾತಾವರಣ ಚಿಕಿತ್ಸೆಯ ಭಾಗ.

ಗುರುತಿಸುವಲ್ಲಿ ಆಗುವ ತಪ್ಪು ಒಂದನ್ನು ಹೇಳಲೇಬೇಕು. ಬಹಳಷ್ಟು ಜನರಿಗೆ ಮೊದಲು ಬರುವುದು ಖಿನ್ನತೆ, ಅದಕ್ಕೆ ಖಿನ್ನತೆಯ ಮಾತ್ರೆ ಮಾತ್ರ ಕೊಟ್ಟರೆ ಕೆಲವರು ಉನ್ಮಾದಕ್ಕೆ ಜಿಗಿಯುತ್ತಾರೆ. ಪೂರ್ಣ ಉನ್ಮಾದ ಎನ್ನಬೇಕಾದರೆ ಲಕ್ಷಣಗಳು ಕನಿಷ್ಠ 7 ದಿನ ಇರಬೇಕು, ಅಥವಾ ಆಸ್ಪತ್ರೆಗೆ ಸೇರಿಸುವಷ್ಟು ತೀವ್ರವಾಗಿರಬೇಕು. ಸೌಮ್ಯ ರೂಪವಾದ ಹೈಪೋಮೇನಿಯಾ 4 ದಿನ ಇದ್ದರೆ ಸಾಕು. ಹೈಪೋಮೇನಿಯಾದಲ್ಲಿ ಇರುವವರು 'ಈಗ ಸರಿಹೋದೆ' ಎಂದೇ ಭಾವಿಸುವುದರಿಂದ ವೈದ್ಯರಿಗೆ ಹೇಳುವುದೇ ಇಲ್ಲ. 'ಎಂದಾದರೂ ಮೂರ್ನಾಲ್ಕು ಗಂಟೆ ನಿದ್ದೆ ಮಾಡಿಯೂ ದಣಿಯದೆ ಓಡಾಡಿದ ದಿನಗಳಿದ್ದವಾ' ಎಂದು ಮನೆಯವರನ್ನು ಕೇಳಿದರೆ ಎಷ್ಟೋ ವಿಷಯ ಹೊರಬೀಳುತ್ತದೆ. ನಿದ್ದೆ ಬಾರದೆ ನರಳುವುದು ಬೇರೆ, ನಿದ್ದೆಯ ಅಗತ್ಯವೇ ಕಡಿಮೆಯಾಗುವುದು ಬೇರೆ. ಎರಡನೆಯದು ಉನ್ಮಾದದ ಸೂಚನೆ.

ಈಗ ಲಿಥಿಯಂ ವಿಚಾರಕ್ಕೆ ಬರುತ್ತೇನೆ, ನಿಮ್ಮ ಆತಂಕದ ಮೂಲ ಅಲ್ಲಿದೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಇದರ ಉಪಯೋಗವನ್ನು ವರದಿ ಮಾಡಿದರು. ಇಂದಿಗೂ ಮರುಕಳಿಕೆ ತಡೆಯುವುದರಲ್ಲಿ ಮತ್ತು ಆತ್ಮಹತ್ಯೆ ತಗ್ಗಿಸುವುದರಲ್ಲಿ ಇದು ಮುಂಚೂಣಿಯಲ್ಲಿದೆ. ಕಷ್ಟವೇನೆಂದರೆ, ಗುಣ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಕಿರಿದು. ನಿರ್ವಹಣೆಗೆ ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಸಾಕು, ತೀವ್ರ ಉನ್ಮಾದದಲ್ಲಿ 1.0ರವರೆಗೆ ಒಯ್ಯುತ್ತಾರೆ. 1.5 ದಾಟಿದರೆ ವಿಷಲಕ್ಷಣಗಳ ಭಯ, ಕೆಲವರಿಗೆ ಅದಕ್ಕಿಂತ ಕೆಳಗೂ.

ಈ ಮಟ್ಟ ನೋಡಲು ಪರೀಕ್ಷೆಗೆ ರಕ್ತ ಕೊಡುವುದು ಕೊನೆಯ ಡೋಸ್ ಆಗಿ 12 ಗಂಟೆಗೆ. ರಾತ್ರಿ 9ಕ್ಕೆ ಮಾತ್ರೆ ತೆಗೆದುಕೊಂಡರೆ ಬೆಳಿಗ್ಗೆ 9ಕ್ಕೆ ರಕ್ತ ಕೊಡಿ, ಬೆಳಗಿನ ಡೋಸ್ ಇದ್ದರೆ ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ. ಮೊದಲೇ ನುಂಗಿ ಹೋದರೆ ವರದಿ ಸುಳ್ಳಾಗಿ ಮೇಲಕ್ಕೆ ತೋರಿಸುತ್ತದೆ, ವೈದ್ಯರು ವಿನಾಕಾರಣ ಡೋಸ್ ಇಳಿಸಬಹುದು. ರಕ್ತ ಹೆಪ್ಪುಗಟ್ಟದಂತೆ ಲಿಥಿಯಂ ಹೆಪಾರಿನ್ ಸವರಿದ ಟ್ಯೂಬಿನಲ್ಲಿ ರಕ್ತ ತೆಗೆದರೂ ಅದೇ ತಪ್ಪು, ಲ್ಯಾಬಿನವರಿಗೆ ಒಮ್ಮೆ ನೆನಪಿಸುವುದರಲ್ಲಿ ಸಂಕೋಚ ಬೇಡ. ಡೋಸ್ ಬದಲಾದ ಸುಮಾರು ಒಂದು ವಾರಕ್ಕೆ ಒಮ್ಮೆ ಪರೀಕ್ಷೆ, ಮಟ್ಟ ಸ್ಥಿರವಾದ ಮೇಲೆ ಮೊದಲ ವರ್ಷ 3 ತಿಂಗಳಿಗೊಮ್ಮೆ. ಆಮೇಲೆ ಹೆಚ್ಚಿನವರಿಗೆ 6 ತಿಂಗಳಿಗೊಮ್ಮೆ ಸಾಕು. ಕಿಡ್ನಿಯ ಕ್ರಿಯಾಟಿನಿನ್, ಥೈರಾಯ್ಡ್‌ನ ಟಿಎಸ್‌ಎಚ್, ಕ್ಯಾಲ್ಸಿಯಂ ಇವನ್ನೂ 6 ತಿಂಗಳಿಗೊಮ್ಮೆ ನೋಡಬೇಕು. ಥೈರಾಯ್ಡ್ ತಗ್ಗಿದರೆ ಥೈರಾಕ್ಸಿನ್ ಸೇರಿಸಬಹುದು, ಅದೊಂದೇ ಕಾರಣಕ್ಕೆ ಲಿಥಿಯಂ ಬಿಡಬೇಕಾಗಿಲ್ಲ.

ಕಿಡ್ನಿ ಲಿಥಿಯಂನ್ನು ಸೋಡಿಯಂನಂತೆಯೇ ನಡೆಸಿಕೊಳ್ಳುತ್ತದೆ. ದೇಹದಲ್ಲಿ ನೀರು, ಉಪ್ಪು ಕಡಿಮೆಯಾದಾಗ ಅದು ಸೋಡಿಯಂ ಜೊತೆಗೆ ಲಿಥಿಯಂನ್ನೂ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ, ಮಟ್ಟ ಏರುತ್ತದೆ. ವಾಂತಿ, ಭೇದಿ, ವಿಪರೀತ ಬೆವರು, ಕಟ್ಟುನಿಟ್ಟಿನ ಉಪವಾಸ, ಇದ್ದಕ್ಕಿದ್ದಂತೆ ಉಪ್ಪು ಬಿಡುವುದು ಎಲ್ಲವೂ ಅಪಾಯ ತರುವುದು ಇದೇ ದಾರಿಯಲ್ಲಿ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು, ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್ ಮತ್ತು ಎಸಿಇ ಇನ್‌ಹಿಬಿಟರ್ ಮಾತ್ರೆಗಳೂ ಮಟ್ಟ ಏರಿಸುತ್ತವೆ. ತಲೆನೋವು, ಜ್ವರಕ್ಕೆ ಪ್ಯಾರಾಸಿಟಮಾಲ್ ಆದೀತು. ಕೈಬೆರಳಿನ ಸಣ್ಣ ನಡುಕ, ಬಾಯಾರಿಕೆ, ಮೂತ್ರ ಹೆಚ್ಚಾಗುವುದು ಸಾಮಾನ್ಯ. ಆದರೆ ಕೈ ಜೋರಾಗಿ ನಡುಗಿದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ, ವಾಂತಿಭೇದಿಯ ಜೊತೆ ಮಂಕು ಕವಿದರೆ ಮುಂದಿನ ಡೋಸ್ ಕೊಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ದು ಮಟ್ಟ ಪರೀಕ್ಷಿಸಿ. ಒಂದು ಡೋಸ್ ಮರೆತುಹೋದರೆ ಮರುದಿನ ಎರಡು ನುಂಗಬಾರದು.

ಬೇರೆ ಔಷಧಗಳ ಬಗ್ಗೆ ಚುಟುಕಾಗಿ: ವ್ಯಾಲ್‌ಪ್ರೋಯೇಟ್ ಉನ್ಮಾದಕ್ಕೆ ಒಳ್ಳೆಯದು, ಆದರೆ ಗರ್ಭಸ್ಥ ಶಿಶುವಿಗೆ ತೀವ್ರ ಹಾನಿ ಮಾಡುವುದರಿಂದ ಗರ್ಭಿಣಿಯಾಗುವ ಸಾಧ್ಯತೆ ಇರುವವರಿಗೆ ಬೇಡ. ಲ್ಯಾಮೋಟ್ರಿಜಿನ್ ಖಿನ್ನತೆಯ ಮರುಕಳಿಕೆ ತಡೆಯುತ್ತದೆ. ಅದನ್ನು 25 ಮಿಲಿಗ್ರಾಂನಿಂದ ಶುರುಮಾಡಿ ವಾರಗಟ್ಟಲೆ ನಿಧಾನವಾಗಿ ಏರಿಸಬೇಕು, ಅವಸರಪಟ್ಟರೆ ಚರ್ಮದ ಮಾರಕ ದದ್ದು ಬರಬಹುದು. ಕ್ವೆಟಿಯಾಪಿನ್, ಒಲಾಂಜಪಿನ್ ಬೇಗ ಶಮನ ಕೊಡುತ್ತವೆ, ತೂಕ, ಸಕ್ಕರೆ, ಕೊಬ್ಬಿನ ಮೇಲೆ ಕಣ್ಣಿಡಬೇಕು.

ಮಾತ್ರೆಯ ಜೊತೆಗೆ ದಿನಚರಿಯೂ ಔಷಧವೇ. ಏಳುವ ಹೊತ್ತು ರಜೆಯ ದಿನವೂ ಒಂದೇ ಇರಲಿ. ಮಲಗುವುದಕ್ಕಿಂತ ಏಳುವ ಹೊತ್ತು ನಿಮ್ಮ ಕೈಯಲ್ಲಿರುತ್ತದೆ, ಅಲ್ಲಿಂದ ಹಿಡಿಯುವುದು ಸುಲಭ. ಪ್ರತಿರಾತ್ರಿ ಒಂದು ಸಾಲು ಬರೆದಿಡಲಿ: ಎಷ್ಟು ಗಂಟೆ ನಿದ್ದೆ, ಮನಸ್ಸು -5ರಿಂದ +5ರೊಳಗೆ ಎಲ್ಲಿದೆ, ಮಾತ್ರೆ ಆಯಿತೇ. ಎರಡು ರಾತ್ರಿ ನಿದ್ದೆ ಇಳಿದೂ ಉತ್ಸಾಹ ಏರಿದ್ದರೆ ಮೂರನೆಯ ದಿನಕ್ಕೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ಉನ್ಮಾದ ಗಟ್ಟಿಯಾದ ಮೇಲೆ ತಾನು ಅಸ್ವಸ್ಥ ಎಂದು ರೋಗಿ ಒಪ್ಪುವುದೇ ಕಷ್ಟ. ಆದ್ದರಿಂದ ಈಗ, ತಮ್ಮ ಸ್ವಸ್ಥರಿರುವಾಗಲೇ ಕುಳಿತು ಕಾಗದದ ಮೇಲೆ ಬರೆಯಿರಿ: ಅವರ ಮೊದಲ ಎಚ್ಚರಿಕೆಯ ಲಕ್ಷಣಗಳು ಯಾವುವು, ಆಗ ಎಟಿಎಂ ಕಾರ್ಡ್ ಮತ್ತು ವಾಹನದ ಕೀ ಯಾರ ಬಳಿ, ಯಾವ ಆಸ್ಪತ್ರೆ, ಯಾರ ಮಾತು ಅವರು ಕೇಳುತ್ತಾರೆ. ಷರತ್ತುಗಳು ಅವರ ಬಾಯಿಂದಲೇ ಬರಲಿ.

ಉನ್ಮಾದದ ಚಡಪಡಿಕೆಯೂ ಖಿನ್ನತೆಯ ಹತಾಶೆಯೂ ಒಟ್ಟಿಗೆ ಬರುವ ಮಿಶ್ರ ಸ್ಥಿತಿ ತುಂಬಾ ಅಪಾಯಕಾರಿ. ಸಾಯುವ ಮಾತು ಬಂದರೆ ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಬ್ಬರೇ ಬಿಡದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಅತಿಯಾಗಿ ನುಂಗಿದರೆ ಲಿಥಿಯಂ ಪ್ರಾಣಕ್ಕೇ ಎರವಾಗುವುದರಿಂದ ಮನೆಯಲ್ಲಿ ತಿಂಗಳುಗಟ್ಟಲೆಯ ದಾಸ್ತಾನು ಇಡಬೇಡಿ.

'ಯಾಕೆ ನಿಲ್ಲಿಸಬೇಕು ಅನಿಸುತ್ತಿದೆ' ಎಂದು ತಮ್ಮನನ್ನು ಸಮಾಧಾನದಿಂದ ಕೇಳಿ. ನಡುಕ, ತೂಕ, ಮನಸ್ಸು ಚಪ್ಪಟೆಯಾದಂತೆ ಅನಿಸುವುದು, ಇವುಗಳಲ್ಲಿ ಯಾವುದಿದ್ದರೂ ಉಪಾಯಗಳಿವೆ: ಡೋಸ್ ಸ್ವಲ್ಪ ತಗ್ಗಿಸಬಹುದು, ರಾತ್ರಿ ಒಂದೇ ಸಲಕ್ಕೆ ಬದಲಿಸಬಹುದು, ಬೇರೆ ಔಷಧ ಆರಿಸಬಹುದು. ಮುಂದಿನ ಭೇಟಿಗೆ ಹೋಗುವಾಗ ನಿದ್ದೆ ಬರೆದಿಟ್ಟ ಪುಸ್ತಕ, ಕೊನೆಯ ಲಿಥಿಯಂ ವರದಿ, ಅವರು ತೆಗೆದುಕೊಳ್ಳುವ ಇತರ ಎಲ್ಲ ಮಾತ್ರೆಗಳ ಪಟ್ಟಿ, ಈ ಮೂರನ್ನೂ ಕೈಯಲ್ಲಿ ಹಿಡಿದು ಹೋಗಿ.