ತಲೆನೋವಿಲ್ಲ, ಬಿಪಿ ಮಾತ್ರೆ ಯಾಕೆ?

ಪ್ರಶ್ನೆ: ಅಪ್ಪನಿಗೆ 58 ವರ್ಷ. ಅಡಿಕೆ ತೋಟದಲ್ಲಿ ದಿನವಿಡೀ ಕೆಲಸ ಮಾಡುತ್ತಾರೆ. ಬಿಪಿ 164/100 ಇತ್ತು, ಮಾತ್ರೆಯಿಂದ 128/80ಕ್ಕೆ ಇಳಿಯಿತು. ‘ತಲೆನೋವಿಲ್ಲ, ತಲೆಸುತ್ತಿಲ್ಲ, ಇನ್ಯಾಕೆ?’ ಎಂದು ಮಾತ್ರೆ ಬಿಟ್ಟಿದ್ದಾರೆ. ಏನು ಮಾಡಲಿ?
– ಓದುಗರು, ಶಿರಸಿ

ಉತ್ತರ: ನಿಮ್ಮ ಪತ್ರ ಓದಿ ನನಗೆ ಆತಂಕವಾಯಿತು. ಬಿಪಿ ಇಳಿದದ್ದು ಕಾಯಿಲೆ ಹೋದದ್ದರಿಂದಲ್ಲ, ಮಾತ್ರೆ ಕೆಲಸ ಮಾಡಿದ್ದರಿಂದ. ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಏರುತ್ತದೆ. ನೋವಿಲ್ಲ ಅನ್ನುವುದೇ ಇದರ ಅಪಾಯ. ಒಳಗೆ ರಕ್ತನಾಳ, ಹೃದಯ, ಕಿಡ್ನಿ ಸದ್ದಿಲ್ಲದೆ ಹಾಳಾಗುತ್ತವೆ. ಎಷ್ಟೋ ಜನರಿಗೆ ಮೊದಲ ಲಕ್ಷಣವೇ ಪಾರ್ಶ್ವವಾಯು. ದುಡಿಯುವ ಕೈ ಬಿದ್ದರೆ ಇಡೀ ಮನೆ ಕಂಗಾಲಾಗುತ್ತದೆ, ಅದನ್ನು ವಾರ್ಡಿನಲ್ಲಿ ಬಹಳ ನೋಡಿದ್ದೇನೆ.

ಅಪ್ಪನಂಥವರು ಒಬ್ಬಿಬ್ಬರಲ್ಲ. ಜಗತ್ತಿನಲ್ಲಿ 30ರಿಂದ 79 ವರ್ಷದವರಲ್ಲಿ ಸುಮಾರು 128 ಕೋಟಿ ಜನರಿಗೆ ಬಿಪಿ ಜಾಸ್ತಿ ಇದೆ, ಅರ್ಧಕ್ಕರ್ಧ ಜನರಿಗೆ ಅದು ಗೊತ್ತೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂದಾಜಿಸಿತ್ತು.

ಈ ವಾರವೇ ಅವರನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮಾತ್ರೆಯ ಖರ್ಚೇ ಕಷ್ಟವಾದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಅಲ್ಲಿ ಬಿಪಿ ಮಾತ್ರೆ ಉಚಿತ. ಮಾತ್ರೆಯಿಂದ ಕಾಲು ಊದಿಕೊಂಡಿತ್ತು, ಸುಸ್ತಾಗುತ್ತಿತ್ತು, ಅದಕ್ಕೇ ಬಿಟ್ಟೆ ಅಂತಾದರೂ ವೈದ್ಯರಿಗೆ ಹೇಳಲಿ. ಬೇರೆ ಮಾತ್ರೆಗಳಿವೆ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ ದಾಟಬಾರದು, ಅಂದರೆ ಒಂದು ಟೀ ಚಮಚ, ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಸೇರಿ. ನಮ್ಮ ಊಟದಲ್ಲಿ ಇದು ಸುಲಭವಲ್ಲ, ಅಲ್ವಾ? ಮೊದಲು ಮಿಡಿ ಉಪ್ಪಿನಕಾಯಿ ಕಡಿಮೆ ಮಾಡಿಸಿ. ಹಾಗೇ ನಿಮ್ಮ ಬಿಪಿಯನ್ನೂ ಒಮ್ಮೆ ನೋಡಿಸಿಕೊಳ್ಳಿ.