ಪ್ರೀತಿಸು ಅಂದೋರು ಸುಟ್ಟಿದ್ದು ಹೆಂಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸಾರ್, ನಾವು ಕ್ರಿಶ್ಚಿಯನ್ನರಲ್ಲ, ಆದ್ರೂ ಸೆಪ್ಟೆಂಬರ್‌ನಲ್ಲಿ ಆರೋಗ್ಯ ಮಾತೆ ಹಬ್ಬಕ್ಕೆ ಹೋಗಿ ಮೇಣದಬತ್ತಿ ಹಚ್ಚಿ ಬರ್ತೀವಿ, ಅಲ್ಲಿ ನೀವ್ಯಾವ ಪೈಕಿ ಅಂತ ಯಾರೂ ಕೇಳಿಲ್ಲ. ಮಗಳು ಪಿಯುಸಿ, ಯುರೋಪಿನಲ್ಲಿ ಬೇರೆ ಥರ ನಂಬಿದೋರ್ನ ಜೀವಂತ ಸುಡ್ತಿದ್ರಂತೆ, ವೈರಿನೂ ಪ್ರೀತಿಸು ಅಂದ ಯೇಸು ಹೆಸರಲ್ಲಿ ಇದು ಹೆಂಗಾಯ್ತು ಅಂತ ಕೇಳ್ತಾಳೆ. ಏನ್ ಹೇಳ್ಲಿ?
- ಒಬ್ಬ ತಾಯಿ, ಹರಿಹರ

ಉತ್ತರ: ಇದು ರಾತ್ರೋರಾತ್ರಿ ಆಗಿದ್ದಲ್ಲಮ್ಮಾ. ಮೊದಲ ಮುನ್ನೂರು ವರ್ಷ ಏಟು ತಿಂದೋರೇ ಕ್ರಿಶ್ಚಿಯನ್ನರು, ಹಂಗಾಗಿ ಆಗಿನ ಅವರ ಲೇಖಕರು ಬರೆದಿದ್ದು ಓದಿದ್ರೆ ಇವತ್ತಿನ ಸಂವಿಧಾನ ಓದಿದಂಗಿರುತ್ತೆ. ಕಾರ್ಥೇಜಿನ ಟರ್ಟುಲಿಯನ್, ಧರ್ಮನ ಬಲವಂತದಿಂದ ಹೇರೋದು ಧರ್ಮದ ಕೆಲಸವೇ ಅಲ್ಲ ಅಂದ. ಆಮೇಲೆ ಬಂದ ಲ್ಯಾಕ್ಟಾನ್ಶಿಯಸ್, ಧರ್ಮ ಉಳಿಸೋದು ತಾನು ಸಾಯೋದ್ರಿಂದ, ಬೇರೆಯೋರ್ನ ಕೊಲ್ಲೋದ್ರಿಂದಲ್ಲ ಅಂದ. 313ರಲ್ಲಿ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲಕ್ಕೆ ಹಿಂಸೆ ನಿಂತ್ತು, 380ಕ್ಕೆ ಚಕ್ರವರ್ತಿ ಥಿಯೊಡೋಸಿಯಸ್ ಕ್ರಿಶ್ಚಿಯನ್ನರಲ್ಲೇ ಒಂದು ನಂಬಿಕೆನ ಸಾಮ್ರಾಜ್ಯದ ಅಧಿಕೃತ ಧರ್ಮ ಮಾಡಿದ, ಐದೇ ವರ್ಷಕ್ಕೆ ಅಂದ್ರೆ 385ರಲ್ಲಿ ಟ್ರಿಯರ್ ಪಟ್ಟಣದಲ್ಲಿ ಪ್ರಿಸಿಲಿಯನ್ ಅನ್ನೋ ಸ್ಪೇನಿನ ಬಿಷಪ್ ತಲೆ ಹೋಯ್ತು. ಕಾಗದದ ಮೇಲೆ ಕೇಸು ಮಾಟಮಂತ್ರದ್ದು, ಹಿಂದೆ ಬಿದ್ದು ಹಾಕಿಸಿದೋರು ಬೇರೆ ಬಿಷಪ್‌ಗಳು. ಟೂರ್ಸ್‌ನ ಸಂತ ಮಾರ್ಟಿನ್ ಮಾತ್ರ ಚಕ್ರವರ್ತಿ ಹತ್ರ ಹೋಗಿ ಬೇಡಪ್ಪಾ ಅಂತ ಗೋಗರೆದಿದ್ದ, ಅಂದ್ರೆ ಮೊದಲ ಕೊಲೆಗೇ ಚರ್ಚ್ ಒಳಗಿಂದ್ಲೇ ವಿರೋಧ ಇತ್ತು.

ಅಸಲಿ ತಿರುವು ಸಂತ ಆಗಸ್ಟಿನ್. ಉತ್ತರ ಆಫ್ರಿಕಾದಲ್ಲಿ ಡೊನಾಟಿಸ್ಟ್ ಅನ್ನೋ ಬೇರೆ ಗುಂಪಿನ ಜೊತೆ ಜಗಳ, ಮೊದ್ಲು ಇವನು ವಾದ ಮಾಡೋಣ ಬಲವಂತ ಬೇಡ ಅಂತಿದ್ದೋನು, ಆಮೇಲೆ ಸರ್ಕಾರದ ಕಾನೂನಿಗೆ ಹೆದರಿ ಊರಿಗೆ ಊರೇ ವಾಪಸ್ ಬಂದಿದ್ದು ನೋಡಿ ಮನಸ್ಸು ಬದಲಾಯ್ಸಿದೆ ಅಂತ ತಾನೇ ಬರೀತಾನೆ. ಲೂಕನ ಸುವಾರ್ತೆಯಲ್ಲಿ ಔತಣದ ಕಥೆ ಇದೆ, ಯಜಮಾನ ಆಳಿಗೆ ಬಲವಂತ ಮಾಡಿ ಒಳಗೆ ಕರ್ಕೊಂಡು ಬಾ ಅಂತಾನೆ, ಆ ಊಟದ ಮಾತನ್ನ ಪೊಲೀಸ್ ಕೆಲಸಕ್ಕೆ ತಿರುಗಿಸಿಕೊಂಡ. ದಂಡ ಹಾಕಿ, ಜೀವ ಮಾತ್ರ ತೆಗೀಬೇಡಿ ಅಂತ ಅಧಿಕಾರಿಗಳಿಗೆ ಕಾಗದ ಬರೆದಿದ್ದೂ ಅವನೇ. ಆದ್ರೆ ಮುಂದಿನೋರು ದಂಡದ ಮಾತು ಇಟ್ಕೊಂಡ್ರು, ಜೀವದ ಮಾತು ಬಿಟ್ರು.

ಮತ್ತಾಯನಲ್ಲಿ ಇದಕ್ಕೆ ಉಲ್ಟಾ ಕಥೆನೂ ಇದೆ: ಗೋಧಿ ಹೊಲದಲ್ಲಿ ಕಳೆ ಬಂದಿದೆ ಕೀಳ್ಲಾ ಅಂದ್ರೆ ಬೇಡ, ಗೋಧಿನೂ ಕಿತ್ತು ಬಂದೀತು, ಸುಗ್ಗಿವರೆಗೂ ಬಿಡು ಅಂತಾನೆ ಯಜಮಾನ. ಹೊಳೆ ದಂಡೆಲಿ ಭತ್ತ ಬೆಳೆಯೋ ನಿಮಗೆ ಇದು ಬಿಡಿಸಿ ಹೇಳ್ಬೇಕಿಲ್ಲ. ಸುಡೋದು ಬೇಡ ಅಂದೋರೆಲ್ಲ ಇದನ್ನೇ ತೋರಿಸ್ತಿದ್ರು, ಆದ್ರೆ 13ನೇ ಶತಮಾನದ ಥಾಮಸ್ ಅಕ್ವಿನಾಸ್, ಗೋಧಿಗೆ ಏನೂ ಆಗಲ್ಲ ಅಂತ ಗ್ಯಾರಂಟಿ ಇದ್ರೆ ಕಿತ್ತರೆ ತಪ್ಪಿಲ್ಲ ಅಂತ ದಾರಿ ಮಾಡ್ಕೊಂಡ, ಖೋಟಾ ನಾಣ್ಯ ಮಾಡಿದೋನಿಗೇ ಮರಣದಂಡನೆ ಇರುವಾಗ ನಂಬಿಕೆ ಕೆಡಿಸೋನಿಗೆ ಯಾಕಿಲ್ಲ ಅಂತ ಅವನ ಲಾಜಿಕ್ಕು. 1252ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ವಿಚಾರಣೆಯಲ್ಲಿ ಚಿತ್ರಹಿಂಸೆಗೂ ಒಪ್ಪಿಗೆ ಕೊಟ್ಟ. ಸುಡೋ ಕೆಲಸ ಮಾತ್ರ ಚರ್ಚ್ ಮಾಡ್ತಿರಲಿಲ್ಲ, ರಕ್ತ ಹರಿಸಬೇಡಿ ಅಂತ ಶಾಸ್ತ್ರಕ್ಕೊಂದು ಮಾತು ಹೇಳಿ ಸರ್ಕಾರದ ಕೈಗೆ ಒಪ್ಪಿಸ್ತಿತ್ತು, ಆ ಅಧಿಕಾರಿ ನಿಜವಾಗ್ಲೂ ಸುಡದೆ ಬಿಟ್ರೆ ಅವನಿಗೇ ಬಹಿಷ್ಕಾರ! ಈ ಕೈ ತೊಳ್ಕೊಳ್ಳೋ ನಾಟಕ ಇದೆಯಲ್ಲ, ನಂಗೆ ಬೆಂಕಿಗಿಂತ ಇದೇ ಹೆಚ್ಚು ಹೇಸಿಗೆ ಅನ್ಸುತ್ತೆ. ಮಗಳಿಗೆ ಇಷ್ಟು ಹೇಳಿ, ಬೈಬಲ್‌ನಲ್ಲಿ ಎರಡೂ ಕಥೆ ಇದ್ವು, ಅಧಿಕಾರ ಕೈಗೆ ಬಂದೋರು ಔತಣದ್ದು ಆರಿಸ್ಕೊಂಡ್ರು.

ಪ್ರಶ್ನೆ: ಶ್ವಾಸಕೋಶಕ್ಕೆ ರಕ್ತ ಹೋಗಿ ಬರೋದನ್ನ ಬರೆದ ಸ್ಪೇನಿನ ವೈದ್ಯ ಸರ್ವೆಟಸ್‌ನ ಅದೇ ಕಾರಣಕ್ಕೆ ಕ್ಯಾಥೊಲಿಕ್ ಚರ್ಚ್ ಸುಟ್ಟಿತು ಅಂತ ನಮ್ಮ ಸೀನಿಯರ್ ಹೇಳ್ತಾರೆ, ಹೌದಾ?
- ಮೆಡಿಕಲ್ ಸ್ಟೂಡೆಂಟ್, ದಾವಣಗೆರೆ

ಉತ್ತರ: ಎರಡೂ ತಪ್ಪಪ್ಪಾ. ಸುಟ್ಟಿದ್ದು 1553 ಅಕ್ಟೋಬರ್ 27ಕ್ಕೆ ಜಿನೀವಾದಲ್ಲಿ, ಅದು ಪ್ರಾಟೆಸ್ಟೆಂಟ್ ಊರು, ಧರ್ಮ ಸುಧಾರಕ ಕ್ಯಾಲ್ವಿನ್ ಊರು. ಆರೋಪ ತ್ರಿತ್ವ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನೋ ನಂಬಿಕೆ) ಒಪ್ಪಲ್ಲ, ಮಕ್ಕಳ ದೀಕ್ಷಾಸ್ನಾನ ಒಪ್ಪಲ್ಲ ಅನ್ನೋದು. ರಕ್ತದ ವಿಷಯ ಅವನ ದೇವತಾಶಾಸ್ತ್ರದ ಪುಸ್ತಕದ ಮಧ್ಯೆ ಹಂಗೇ ಬಂದು ಹೋಗುತ್ತೆ, ಜಡ್ಜುಗಳು ಅದರ ತಂಟೆಗೇ ಹೋಗ್ಲಿಲ್ಲ (ಅದನ್ನ ಅವನಿಗಿಂತ ಮೊದ್ಲೇ 13ನೇ ಶತಮಾನದಲ್ಲಿ ಇಬ್ನ್ ಅಲ್ ನಫೀಸ್ ಬರೆದಿದ್ದ, ಸೀನಿಯರ್‌ಗೆ ಹೇಳು). ಕ್ಯಾಥೊಲಿಕ್ಕರೇನು ಸಾಚಾ ಅಲ್ಲ, ಫ್ರಾನ್ಸ್‌ನ ವಿಯೆನ್‌ನಲ್ಲಿ ಜೈಲಿಂದ ತಪ್ಪಿಸ್ಕೊಂಡ ಅಂತ ಅವನ ಗೊಂಬೆ ಮಾಡಿ ಸುಟ್ಟಿದ್ರು, ಓಡಿ ಬಂದು ಜಿನೀವಾದಲ್ಲಿ ಒಂದು ಭಾನುವಾರ ಚರ್ಚಿಗೆ ಹೋಗಿ ಸಿಕ್ಕಿಬಿದ್ದ. ಸುಡೋದು ಬೇಡ ತಲೆ ತೆಗೀರಿ ಅಂತ ಕ್ಯಾಲ್ವಿನ್ ಕೇಳ್ಕೊಂಡಿದ್ದ, ಅವನ ದಯೆ ಅಷ್ಟಕ್ಕೇ ನಿಂತ್ತು. ಪುಸ್ತಕನೂ ಅವನ ಜೊತೆ ಸುಟ್ಟರು, ಈಗ ಉಳಿದಿರೋದು ಮೂರೇ ಪ್ರತಿ. ಬಾಸೆಲ್‌ನಲ್ಲಿದ್ದ ಕಾಸ್ಟೆಲಿಯೋ ಅನ್ನೋ ಪ್ರಾಟೆಸ್ಟೆಂಟ್ ವಿದ್ವಾಂಸ, ಮನುಷ್ಯನ್ನ ಕೊಂದ್ರೆ ಸಿದ್ಧಾಂತ ಕಾಪಾಡಿದಂಗಲ್ಲ, ಮನುಷ್ಯನ್ನ ಕೊಂದಂಗೆ ಅಂತ ಬರೆದ. 1903ರಲ್ಲಿ ಕ್ಯಾಲ್ವಿನ್ ಅನುಯಾಯಿಗಳೇ ಅಲ್ಲೊಂದು ಪ್ರಾಯಶ್ಚಿತ್ತದ ಕಲ್ಲು ನೆಟ್ಟಿದ್ದಾರೆ.

ಪ್ರಶ್ನೆ: ನಮ್ಮ ದೇಶದಲ್ಲೂ ಹಿಂಗಾಗಿತ್ತಾ ಸಾರ್?
- ಓದುಗ, ಚಿತ್ರದುರ್ಗ

ಉತ್ತರ: ಗೋವಾದಲ್ಲಿ ಆಯ್ತು. ಪೋರ್ಚುಗೀಸರ ಇನ್‌ಕ್ವಿಸಿಶನ್, ಅಂದ್ರೆ ನಂಬಿಕೆ ತಪ್ಪಿದೋರ್ನ ವಿಚಾರಿಸೋ ಧಾರ್ಮಿಕ ಕೋರ್ಟು, 1560ಕ್ಕೆ ಶುರುವಾಗಿ, ನಡುವೆ ನಾಲ್ಕು ವರ್ಷ ನಿಂತು, 1812ಕ್ಕೆ ಮುಚ್ಚಿತು. ಹೆಚ್ಚಾಗಿ ಸಿಕ್ಕಿಬಿದ್ದೋರು ಮತಾಂತರ ಆಗಿಯೂ ಮನೇಲಿ ಹಳೇ ಪದ್ಧತಿ ಬಿಡದೋರು, ಆಮೇಲೆ ಯಹೂದಿ ಮೂಲದ ಕ್ರಿಶ್ಚಿಯನ್ನರು. ನಮ್ಮ ಗಿಡಮೂಲಿಕೆ ಬಗ್ಗೆ 1563ರಲ್ಲಿ ಪುಸ್ತಕ ಬರೆದ ವೈದ್ಯ ಗಾರ್ಸಿಯಾ ದ ಓರ್ಟಾ 1568ರಲ್ಲಿ ತೀರಿಕೊಂಡ, 1580ರಲ್ಲಿ ಅವನ ಮೂಳೆ ಅಗೆದು ತೆಗೆದು ಸುಟ್ಟರು! ತಂಗಿನ ಜೀವಂತವಾಗಿ ಮೊದ್ಲೇ ಸುಟ್ಟಿದ್ರು. ಆ ಕಾಲದಲ್ಲಿ ಗೋವಾ ಬಿಟ್ಟು ಕರಾವಳಿಗೆ ಬಂದ ಕೊಂಕಣಿಗರಲ್ಲಿ ಹಿಂದೂಗಳೂ ಇದ್ರು ಕ್ಯಾಥೊಲಿಕ್ಕರೂ ಇದ್ರು, ಬರ, ಯುದ್ಧ, ತೆರಿಗೆನೂ ಕಾರಣವೇ, ಎಲ್ಲಾ ಇದೊಂದರ ತಲೆಗೇ ಕಟ್ಟೋಕಾಗಲ್ಲ. ಮತ್ತೆ, ಮುನ್ನೂರು ನಾನೂರು ವರ್ಷದ ಹಿಂದಿನ ಪೋರ್ಚುಗೀಸ್ ಕೋರ್ಟಿನ ಲೆಕ್ಕನ ನಮ್ಮೂರ ಚರ್ಚಿಗೆ ಹೋಗೋರ ಹತ್ರ ಚುಕ್ತಾ ಮಾಡೋಕೆ ಹೋಗ್ಬೇಡಿ.

ಪ್ರಶ್ನೆ: ಚರ್ಚ್ ಇದಕ್ಕೆ ಕ್ಷಮೆ ಕೇಳಿದೆಯಾ?
- ಓದುಗರು, ಚಳ್ಳಕೆರೆ

ಉತ್ತರ: ಕೇಳಿದೆ, ತಡವಾಗಿ. ಧರ್ಮದ ವಿಷಯದಲ್ಲಿ ಯಾರ ಮೇಲೂ ಒತ್ತಾಯ ಸಲ್ಲದು ಅಂತ ಕ್ಯಾಥೊಲಿಕ್ ಮಹಾಸಭೆ ಒಪ್ಪಿದ್ದೇ 1965ರಲ್ಲಿ. 2000 ಮಾರ್ಚ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್, ಸತ್ಯದ ಹೆಸರಲ್ಲಿ ಮಾಡಿದ ಬಲಾತ್ಕಾರಕ್ಕೆ ದೇವರ ಹತ್ರ ಕ್ಷಮೆ ಬೇಡಿದ್ರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಇಟಲಿಯ ವಾಲ್ಡೆನ್ಸಿಯನ್ ಪಂಗಡದೋರ ಮಂದಿರಕ್ಕೇ ಹೋಗಿ ನೇರವಾಗಿ ಕೇಳಿದ್ರು, ಆ ಪಂಗಡನ ಶತಮಾನಗಟ್ಟಲೆ ಹಿಂಸೆ ಕೊಟ್ಟಿದ್ರು. ಅವರು ಗೌರವದಿಂದ್ಲೇ ಉತ್ತರ ಕೊಟ್ರು, ಈ ಮಾತು ಸ್ವಾಗತ, ಆದ್ರೆ ಪ್ರಾಣ ಕೊಟ್ಟೋರ ಪರವಾಗಿ ಕ್ಷಮಿಸೋ ಹಕ್ಕು ನಮಗಿಲ್ಲ ಅಂತ. ನಂಗಂತೂ ಅದು ಸರಿಯಾದ ಉತ್ತರ ಅನ್ನಿಸ್ತು.