ಕುರ್ಚಿ ಸರಿಯಿಲ್ಲ ಎಂದವನು

“ಇವನ ಗೇಮ್ ಹುಚ್ಚು ಬಿಡಿಸಿಕೊಡಿ” ಎಂದು ಆಪ್ತಸಲಹೆಗಾರ್ತಿಯಾದ ನನಗೆ ಹೇಳಿ, ತಮ್ಮನನ್ನು ಕರೆತಂದಿದ್ದ ಅಕ್ಕ ಹೊರಗೆ ಹೋಗಿ ಕೂತರು. ಒಳಗೆ ಉಳಿದವನಿಗೆ 26 ವರ್ಷ (ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ). ಹಗಲು ಕಂಪ್ಯೂಟರ್ ಕೆಲಸ, ರಾತ್ರಿ ಅದೇ ಕುರ್ಚಿಯಲ್ಲಿ ಆಟ. ರಜೆ ಬಂದರೆ ಹತ್ತು ತಾಸು ಅಲ್ಲಾಡುವುದಿಲ್ಲ. ಆದರೆ ಕೆಲಸ ಕೆಟ್ಟಿಲ್ಲ, ಸುಳ್ಳಿಲ್ಲ, ಪರೀಕ್ಷೆಯೊಂದಕ್ಕಾಗಿ ತಿಂಗಳುಗಟ್ಟಲೆ ಆಟ ಬಿಟ್ಟದ್ದೂ ಉಂಟು. ಹತೋಟಿ ತಪ್ಪಿ ಬದುಕು ಹಳಿ ಬಿಟ್ಟವರನ್ನು ನೋಡಿದ್ದೇನೆ. ಇವನು ಆ ಪೈಕಿ ಅಲ್ಲ.

ಮಾತಾಡುತ್ತಲೇ ಎಡಗಾಲು ನೀವಿಕೊಳ್ಳುತ್ತಿದ್ದ. “ಕುರ್ಚಿ ಸರಿಯಿಲ್ಲ ಮೇಡಂ, ನಾಲ್ಕು ದಿನದಿಂದ ನೋವು.” ಎರಡೂ ಕಾಲು ತೋರಿಸು ಎಂದೆ. ಎಡ ಮೀನಖಂಡ ಬಲದ್ದಕ್ಕಿಂತ ಎದ್ದು ಕಾಣುವಷ್ಟು ಊದಿತ್ತು, ಕೆಂಪಾಗಿತ್ತು. ನಾನು ವೈದ್ಯೆಯಲ್ಲ. ಆದರೂ ಒಂದೇ ಕಾಲು ಊದಿ ನೋಯುತ್ತಿದ್ದರೆ ಆಪ್ತಸಲಹೆ ಅಲ್ಲಿಗೇ ನಿಲ್ಲಬೇಕು ಅನ್ನುವಷ್ಟು ಗೊತ್ತು. ತಿಕ್ಕಬೇಡ ಎಂದು ಹೇಳಿ ಆಗಲೇ ಆಸ್ಪತ್ರೆಗೆ ಕಳಿಸಿದೆ. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಕಾಲಿನ ಒಳರಕ್ತನಾಳದಲ್ಲಿ ಹೆಪ್ಪು ಕಂಡಿತು.

ಮೂರು ವಾರದ ಮೇಲೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಶುರುವಾದ ಮೇಲೆ, ಮತ್ತೆ ಬಂದ. “ಬರೀ ಕೂತದ್ದಕ್ಕೆ ಹೀಗಾಗತ್ತಾ?” ಕೂತ ಎಲ್ಲರಿಗೂ ಆಗುವುದಿಲ್ಲ. ಆದರೆ ಕಾಲಿನ ರಕ್ತ ಮೇಲೇರಲು ಮೀನಖಂಡದ ಸ್ನಾಯು ಹಿಂಡಬೇಕು. ಅದು ಸುಮ್ಮನಿದ್ದರೆ ರಕ್ತದ ಹರಿವು ನಿಧಾನವಾಗಿ ಅಲ್ಲೇ ಹೆಪ್ಪುಗಟ್ಟಬಹುದು. 1940ರಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ, ಆಶ್ರಯತಾಣಗಳಲ್ಲಿ ರಾತ್ರಿಯೆಲ್ಲ ಮಡಚುಕುರ್ಚಿಯಲ್ಲಿ ಕೂತಿದ್ದ ಕೆಲವರು ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ನುಗ್ಗಿ ಸತ್ತದ್ದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ದಾಖಲಿಸಿದ್ದರು. “ಬಾಂಬಿಂದ ಬದುಕಿ ಕುರ್ಚಿಗೆ ಸತ್ರಾ!” ಅಂದ. ನಗಲು ಹೋಗಿ ನಿಲ್ಲಿಸಿದ.

ಯಾಕೆ ಏಳುವುದಿಲ್ಲ ಎಂದು ಕೇಳಿದೆ. ನಡುವೆ ಎದ್ದರೆ ತಂಡ ಸೋಲುತ್ತದೆ, ಬೈಸಿಕೊಳ್ಳಬೇಕು. ಅದಕ್ಕೇ ನೀರೂ ಕುಡಿಯುತ್ತಿರಲಿಲ್ಲವಂತೆ, ಮೂತ್ರಕ್ಕೆ ಹೋಗಬೇಕಾಗುತ್ತದೆಂದು. ಅರ್ಧ ಗಂಟೆಗೊಮ್ಮೆ ಅಲಾರಂ ಇಡು ಎಂಬ ಸಲಹೆ ಇಂಥವನ ಹತ್ತಿರ ನಡೆಯುವುದಿಲ್ಲ. ಮ್ಯಾಚ್ ನಡುವೆ ಬಾರಿಸುವ ಅಲಾರಂ ಅನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ನಾನೂ ಇಡಲಾರೆ. ಆಟವೇ ನಿಲ್ಲುವ ಜಾಗ ಹುಡುಕಿದೆವು. ಮುಂದಿನ ಮ್ಯಾಚ್‌ಗೆ ಆಟಗಾರರು ಸೇರುವವರೆಗೂ ಕುರ್ಚಿ ಮುಟ್ಟುವಂತಿಲ್ಲ: ಓಡಾಡಬೇಕು, ಹಿಮ್ಮಡಿ ಎತ್ತಿ ಇಳಿಸಬೇಕು. ಆಟದೊಳಗಿನ ಅವನ ಪಾತ್ರ ಸತ್ತು ಮರುಹುಟ್ಟಿಗೆ ಕಾಯುವಾಗ ಪಾದ ಮೇಲೆ ಕೆಳಗೆ ಆಡಿಸಬೇಕು. ನೀರಿನ ಬಾಟಲಿ ಪಕ್ಕದಲ್ಲೇ ಇರಲಿ. ಮೂತ್ರ ಬಂದರೆ ಹೇಗೂ ಏಳುತ್ತೀಯ, ಅದಕ್ಕಿಂತ ಒಳ್ಳೆಯ ಅಲಾರಂ ಬೇರೆ ಇಲ್ಲ.

ಬರೆದು ಕೊಟ್ಟದ್ದು ಎರಡೇ ವಿಷಯ. ಒಂದು, ಮಾತ್ರೆ ತಾನಾಗಿ ನಿಲ್ಲಿಸಬಾರದು. ಅದರ ಜೊತೆ ನೋವಿನ ಗುಳಿಗೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು, ರಕ್ತಸ್ರಾವದ ಅಪಾಯವಿದೆ. ಇನ್ನೊಂದು, ದಿಢೀರ್ ಉಸಿರುಕಟ್ಟುವುದು, ಎದೆನೋವು, ಕೆಮ್ಮಿದಾಗ ರಕ್ತ: ಇದರಲ್ಲಿ ಒಂದಾದರೂ ಕಂಡರೆ ನನಗಲ್ಲ, ಆಂಬುಲೆನ್ಸ್‌ಗೆ ಫೋನ್.

ಅಕ್ಕನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಆಟ ಬಿಡಿಸಲೇ ಇಲ್ಲ” ಎಂದರು. ಹೌದು, ಬಿಡಿಸಲಿಲ್ಲ. ಮುಂದಿನ ಭೇಟಿಯಲ್ಲಿ ಅವನು ಹೇಳಿದ್ದು: ಮ್ಯಾಚ್‌ಗಳ ನಡುವೆ ಎದ್ದು ನಿಲ್ಲುವುದು ತಂಡದ ಇನ್ನಿಬ್ಬರಿಗೂ ಅಭ್ಯಾಸವಾಗಿದೆ, ಮೂರನೆಯವನು ಮಾತ್ರ ಇನ್ನೂ ಗೇಲಿ ಮಾಡುತ್ತಾನೆ.